ನಾಲ್ಕನೇ ತರಗತಿಯ ಕುಮಾರಿ ಮುತ್ತು

ಡ್ರಿಲ್ ಮಾಸ್ತರರ ಮೀಸೆಗೆ ಊರಿನಲ್ಲಿ ಅವರಿಗಿಂತ ಒಂದು ತೂಕ ಹೆಚ್ಚು ಮರ್ಯಾದೆಯಿತ್ತು. ಮೂವತ್ತನಾಲ್ಕು ವರ್ಷ ಬಾಲಕರ ಹೈಸ್ಕೂಲಿನ ಮೈದಾನದಲ್ಲಿ ಹುಡುಗರನ್ನು ಓಡಿಸಿ, ಬಗ್ಗಿಸಿ, ಎಬ್ಬಿಸಿ ನಿವೃತ್ತರಾಗಿದ್ದರು. ಈಗಲೂ ಅವರು ಬೀದಿಗೆ ಇಳಿದರೆ ಬ್ಯಾಂಕಿನ ಮ್ಯಾನೇಜರು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು, ಪೊಲೀಸ್ ಇನ್‌ಸ್ಪೆಕ್ಟರು ಜೇಬಿನಿಂದ ಕೈ ತೆಗೆಯುತ್ತಿದ್ದರು. ಇಬ್ಬರೂ ಅವರ ಕೈಕೆಳಗೆ ಬೆವರು ಸುರಿಸಿದವರೇ. ಓಟದಲ್ಲಿ ಹಿಂದೆ ಬಿದ್ದವರಿಗೆಲ್ಲ ಮಾಸ್ತರರು ಹೇಳುತ್ತಿದ್ದುದು ಒಂದೇ ಮಾತು: “ಯಾಕೋ, ಹುಡುಗೀರ ಸ್ಕೂಲಿಗೆ ಸೇರಿಸ್ಲೇನೋ?”

ಇಂಥ ಮಾಸ್ತರರು ಒಂದರಿಂದ ನಾಲ್ಕನೇ ತರಗತಿಯವರೆಗೆ ಓದಿದ್ದು ಇದೇ ಊರಿನ ಚರ್ಚಿನ ಬಾಲಕಿಯರ ಶಾಲೆಯಲ್ಲಿ.

ಅದು ಆದದ್ದು ಹೀಗೆ. ಅವರ ತಾಯಿ ಆ ಶಾಲೆಯ ಆಯಾ. ಗಂಡ ತೀರಿಕೊಂಡ ಮೇಲೆ ಗಂಟೆ ಹೊಡೆಯುವುದು, ಗುಡಿಸುವುದು, ಚಿಕ್ಕ ಮಕ್ಕಳ ಮೂಗು ಒರೆಸುವುದು ಎಲ್ಲ ಅವರ ಪಾಲಿಗೆ ಬಂದಿತ್ತು. ಬಾಲಕರ ಶಾಲೆ ರೈಲು ಹಳಿಯ ಆಚೆಗಿತ್ತು. ಆರು ವರ್ಷದ ಮಗನನ್ನು ಒಬ್ಬನೇ ಹಳಿ ದಾಟಿಸಲು ತಾಯಿಗೆ ಧೈರ್ಯವಿರಲಿಲ್ಲ. ಶಾಲೆ ಕಟ್ಟಿದ ಮೊದಲ ಸಿಸ್ಟರ್ ವಿಷಯ ಕೇಳಿ, “ಬೆಂಚಿನ ಮೇಲೆ ಜಾಗ ಇದೆಯಲ್ಲ, ಕೂತ್ಕೊಳ್ಳಲಿ” ಎಂದುಬಿಟ್ಟರು. ದಾಖಲಾತಿ ಪುಸ್ತಕದಲ್ಲಿ ಪ್ರತಿ ಸಾಲಿನ ಮೊದಲಿಗೆ ‘ಕುಮಾರಿ’ ಎಂದು ಅಚ್ಚಾಗಿಯೇ ಬಂದಿತ್ತು. ಗುಮಾಸ್ತರಿಗೆ ಪುಸ್ತಕದಲ್ಲಿ ಕಾಟು ಹೊಡೆಯುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಹಾಗಾಗಿ ತಾಯಿ ಮುದ್ದಿನಿಂದ ಕರೆಯುತ್ತಿದ್ದ ಹೆಸರನ್ನೇ ಪಕ್ಕಕ್ಕೆ ಬರೆದುಕೊಂಡರು. ಹುಡುಗ ‘ಕುಮಾರಿ ಮುತ್ತು’ ಆದ.

ವರ್ಷಕ್ಕೊಮ್ಮೆ ತಪಾಸಣೆಗೆ ಸಾಹೇಬರು ಬರುವಾಗ ಹಾಸ್ಟೆಲಿನ ಪೆಟ್ಟಿಗೆಯಿಂದ ಒಂದು ಫ್ರಾಕು, ಒಂದು ರಿಬ್ಬನ್ನು ಹೊರಬರುತ್ತಿದ್ದವು. ಮೊದಲ ವರ್ಷ ಮುತ್ತು ಗೊಳೋ ಎಂದು ಅತ್ತ. ಎರಡನೇ ವರ್ಷ ಸುಮ್ಮನಿದ್ದ. ಮೂರನೇ ವರ್ಷ ಪಕ್ಕದ ಬೆಂಚಿನವಳ ಹಳದಿ ರಿಬ್ಬನ್ನೇ ಬೇಕೆಂದು ಹಟ ಹಿಡಿದ. ಹೊಲಿಗೆ ತರಗತಿಯಲ್ಲಿ ಅವನನ್ನು ಬೇರೆಲ್ಲಿ ಕೂರಿಸುವುದೆಂದು ತೋಚದೆ ಅವನ ಕೈಗೂ ಸೂಜಿ ಕೊಟ್ಟರು. ಸೂಜಿ ಅವನ ಮಾತು ಕೇಳಿತು.

ನಾಲ್ಕನೇ ತರಗತಿ ಮುಗಿದ ವರ್ಷ ತಾಯಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಬಾಲಕರ ಶಾಲೆಯಲ್ಲಿ ಮಾರುದ್ದದ ಗಂಭೀರ ಹೆಸರೊಂದನ್ನು ಬರೆಸಿದರು. ಹದಿನೈದು ವರ್ಷದ ಮೇಲೆ, ತಾಯಿಯೂ ಇಲ್ಲದ ಮೇಲೆ, ಅವರು ಮೀಸೆ ಸಮೇತ ಡ್ರಿಲ್ ಮಾಸ್ತರರಾಗಿ ಇದೇ ಊರಿಗೆ ಮರಳಿದಾಗ ಯಾರಿಗೂ ಗುರುತು ಹತ್ತಲಿಲ್ಲ. ಔಷಧ ಅಂಗಡಿಯ ಹುಡುಗಿಯೊಬ್ಬಳು ಮಾತ್ರ ತಲೆನೋವಿನ ಮಾತ್ರೆ ಕಟ್ಟಿಕೊಡುತ್ತ, ತಲೆ ಎತ್ತದೆ, “ಮುತ್ತು, ನನ್ನ ಹಳದಿ ರಿಬ್ಬನ್ ವಾಪಸ್ ಬರ್ಲೇ ಇಲ್ಲ” ಎಂದಿದ್ದಳು. ಆ ಹುಡುಗಿ ಈಗ ಔಷಧ ಅಂಗಡಿಯ ಅಜ್ಜಿ. ಮಾಸ್ತರರು ಅಂದಿನಿಂದ ಇಂದಿನವರೆಗೆ ಬೇರೆ ಅಂಗಡಿಯಲ್ಲಿ ಒಂದು ಕೆಮ್ಮಿನ ಮಿಠಾಯಿಯನ್ನೂ ಕೊಂಡವರಲ್ಲ.

ಮಾಸ್ತರರು ಮದುವೆಯಾದದ್ದು ಅದೇ ಬಾಲಕಿಯರ ಶಾಲೆಗೆ ಪರ ಊರಿನಿಂದ ಹೊಸದಾಗಿ ಬಂದ ಹೊಲಿಗೆ ಟೀಚರನ್ನು. ಅಲ್ಲಿ ಓದಿದ ಸಂಗತಿಯನ್ನು ಮದುವೆಗೆ ಮುಂಚೆ ಹೇಳೋಣವೆಂದುಕೊಂಡರು, ಆಗಲಿಲ್ಲ. ಮದುವೆಯಾದ ಮೇಲೆ ಹೇಳೋಣವೆಂದುಕೊಂಡರು. ಅಷ್ಟರಲ್ಲಿ ನಲವತ್ತೊಂದು ವರ್ಷ ಕಳೆಯಿತು.

ಶಾಲೆಗೆ ಎಪ್ಪತ್ತೈದು ತುಂಬುವ ವರ್ಷ, ಮುಖ್ಯೋಪಾಧ್ಯಾಯಿನಿಯಾದ ದೊಡ್ಡ ಸಿಸ್ಟರ್ ಮನೆಗೇ ಬಂದು, ನಿವೃತ್ತ ಹೊಲಿಗೆ ಟೀಚರ ಮುಂದೆ ಹಳೆಯ ರಿಜಿಸ್ಟರುಗಳ ಒಂದು ಗುಡ್ಡೆ ಇಳಿಸಿದರು. “ಶಾಲೆಯ ಚರಿತ್ರೆ ನೀವೇ ಬರೀಬೇಕು ಟೀಚರ್. ಬೇರೆಯವರು ಬರೆದ್ರೆ ಬರೀ ಕಟ್ಟಡದ ವಿಷಯ ಬರೀತಾರೆ.”

ಟೀಚರ್ ಊಟದ ಮೇಜನ್ನು ಆಕ್ರಮಿಸಿಕೊಂಡರು. ಮಾಸ್ತರರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದು ರೂಢಿಯಾಯಿತು. ಬರೆದದ್ದನ್ನು ಗಂಡನಿಗೆ ಓದಿ ಹೇಳದಿದ್ದರೆ ಟೀಚರಿಗೆ ಬರೆದಂತೆಯೇ ಅನಿಸುತ್ತಿರಲಿಲ್ಲ.

“ಕೇಳಿ ಇಲ್ಲಿ. ಮಠದಿಂದ ಇಬ್ಬರು ಸಿಸ್ಟರ್‌ನ ಕಳಿಸಿದ್ರಂತೆ. ಒಬ್ರು ನರ್ಸು, ಈ ಊರಲ್ಲಿ ಆಸ್ಪತ್ರೆ ತೆರೆಯೋಕೆ. ಇನ್ನೊಬ್ರು ಚಿತ್ರಕಲೆ ಟೀಚರ್, ಇನ್ನೊಂದು ಊರಲ್ಲಿ ಸ್ಕೂಲ್ ತೆರೆಯೋಕೆ. ಸ್ಟೇಷನ್‌ನಲ್ಲಿ ಟ್ರಂಕು ಅದಲುಬದಲು. ನಮ್ಮೂರಿಗೆ ಬಂದ ನರ್ಸ್ ಟ್ರಂಕ್ ತೆಗೆದು ನೋಡ್ತಾರೆ, ನಲವತ್ತು ಸ್ಲೇಟು, ಇನ್ನೂರು ಸೂಜಿ, ಒಂದು ಕಡೆ ತಗ್ಗು ಬಿದ್ದ ಗ್ಲೋಬು.”

“ವಾಪಸ್ ಕಳಿಸ್ಬಹುದಿತ್ತಲ್ಲ?” ಎಂದರು ಮಾಸ್ತರರು, ಗೊತ್ತಿಲ್ಲದವರಂತೆ. ಈ ಕಥೆಯನ್ನು ಮೊದಲ ಸಿಸ್ಟರ್ ಬಾಯಿಂದಲೇ ಅವರು ಹತ್ತು ಸಲ ಕೇಳಿದ್ದರು.

“ಕಾಗದ ಬರೆದ್ರಂತೆ. ಉತ್ತರ ಬರೋಕೆ ಮೂರು ತಿಂಗಳು. ಅಷ್ಟೊತ್ತಿಗೆ ಚರ್ಚಿನ ಹಿಂದೆ ಮೇಣದಬತ್ತಿ ಇಡ್ತಿದ್ದ ಕೋಣೇಲಿ ಹನ್ನೊಂದು ಹುಡುಗೀರು ಕೂತಾಗಿತ್ತು. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಆ ಇನ್ನೊಂದು ಊರಲ್ಲಿ ಚಿತ್ರದ ಸಿಸ್ಟರ್ ಆಸ್ಪತ್ರೆ ನಡೆಸಿದ್ರಂತೆ. ಬ್ಯಾಂಡೇಜು ಮಾತ್ರ ಬಹಳ ಅಲಂಕಾರವಾಗಿ ಕಟ್ತಿದ್ರಂತೆ.”

ಮೊದಲೆರಡು ಅಧ್ಯಾಯ ಹೀಗೆ ನಗುನಗುತ್ತ ಸಾಗಿದವು. ಮೂರನೆಯದಕ್ಕೆ ಬಂದಾಗ ಟೀಚರ್ ಒಂದು ರಿಜಿಸ್ಟರಿನ ಮೇಲೆ ಬೆರಳೂರಿ, ಕನ್ನಡಕ ಹಣೆಗೇರಿಸಿದರು.

“ರೀ, ಸಿಕ್ತು. ಆ ಮೇಜಿನ ಬಟ್ಟೆ ಯಾರದ್ದು ಅಂತ ಸಿಕ್ತು.”

ಯಾವ ಬಟ್ಟೆಯೆಂದು ಮಾಸ್ತರರು ಕೇಳುವ ಅಗತ್ಯವಿರಲಿಲ್ಲ. ಹೊಲಿಗೆ ಕೋಣೆಯ ಬೀರುವಿನಲ್ಲಿ ಒಂದು ಬಿಳಿ ಮೇಜುಬಟ್ಟೆಯಿತ್ತು. ಅಂಚಿನ ಸುತ್ತ ನೀಲಿ ಹೂವಿನ ಬಳ್ಳಿ. ಟೀಚರ್ ಮೂವತ್ತು ಚಿಲ್ಲರೆ ವರ್ಷ ಅದನ್ನೇ ಹಿಡಿದು ತೋರಿಸಿ ಪಾಠ ಮಾಡಿದ್ದರು: “ಇದು ಕಸೂತಿ. ನೀವು ಹೊಲೀತಿರೋದು ಗೋಣಿಚೀಲ.” ಮನೆಯಲ್ಲೂ ಅದನ್ನು ಹೊಗಳುತ್ತಿದ್ದರು. ಮಾಸ್ತರರು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು, “ಅಷ್ಟು ಚೆನ್ನಾಗಿದೆಯಾ?” ಎಂದು ಕೇಳಿ, ಇನ್ನೊಮ್ಮೆ ಹೊಗಳಿಸಿಕೊಳ್ಳುತ್ತಿದ್ದರು.

“‘ಕುಮಾರಿ ಮುತ್ತು, ನಾಲ್ಕನೇ ತರಗತಿ, ಮೇಜಿನ ಬಟ್ಟೆ, ಅತ್ಯುತ್ತಮ.’ ನಾಲ್ಕನೇ ತರಗತಿ ಕಣ್ರೀ, ಹತ್ತು ವರ್ಷದ ಮಗು. ಈಗ ನಿಮ್ಮ ವಯಸ್ಸಿರಬೇಕು. ಹುಡುಕಿ ಸಮಾರಂಭದ ದಿನ ವೇದಿಕೆ ಮೇಲೆ ಕೂರಿಸ್ತೀವಿ.”

ಕುಡಿಯುತ್ತಿದ್ದ ನೀರು ಮಾಸ್ತರರ ನೆತ್ತಿಗೇರಿತು. ಕೆಮ್ಮಿ ಸುಧಾರಿಸಿಕೊಂಡು, “ಎಲ್ಲಿರ್ತಾಳೆ ಆಕೆ. ದೂರ ಹೋಗಿರ್ತಾಳೆ. ತೀರಿಕೊಂಡಿದ್ರೂ ತೀರಿಕೊಂಡಿರಬಹುದು” ಎಂದರು.

“ಒಳ್ಳೇ ಮಾತಾಡಿ. ಔಷಧ ಅಂಗಡಿಯವರು ಅದೇ ಕ್ಲಾಸಲ್ಲಿದ್ರು. ನಾಳೆ ಹೋಗಿ ಕೇಳ್ತೀನಿ.”

ಮಾಸ್ತರರು ನಾಳೆಗೆ ಕಾಯಲಿಲ್ಲ. ಮೊಣಕಾಲು ನೋವಿನ ನೆಪ ಹೇಳಿ ಆಗಲೇ ಚಪ್ಪಲಿ ಮೆಟ್ಟಿದರು. ಅಜ್ಜಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮಾತ್ರೆಯ ಹಾಳೆಗಳನ್ನು ಕತ್ತರಿಸುತ್ತಿದ್ದರು. ಇಡೀ ಕಥೆ ಕೇಳಿ ಕತ್ತರಿ ಕೆಳಗಿಟ್ಟರು.

“ನೋಡು ಮುತ್ತು, ಈ ವಯಸ್ಸಲ್ಲಿ ನಾನು ಸುಳ್ಳು ಹೇಳೋದಿಲ್ಲ.”

“ಸುಳ್ಳು ಬೇಡ. ನಿಜ ಹೇಳದೆ ಇರು, ಸಾಕು.”

“ಅದಕ್ಕೆ ಬೇಕಾದ್ರೆ ಪ್ರಯತ್ನ ಪಡ್ತೀನಿ” ಎಂದ ಅಜ್ಜಿಯ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಕಳೆಯೊಂದು ಬಂದಿತ್ತು. ಅದನ್ನು ನೋಡಿ ಮಾಸ್ತರರ ಮೊಣಕಾಲು ನಿಜಕ್ಕೂ ನೋಯತೊಡಗಿತು.

ಮರುದಿನ ಟೀಚರ್ ಅಂಗಡಿಯಿಂದ ಬಂದವರೇ ಉತ್ಸಾಹದಿಂದ ವರದಿ ಒಪ್ಪಿಸಿದರು. “ಮುತ್ತು ಇದೇ ಊರಲ್ಲಿದ್ದಾರಂತೆ. ವಿಳಾಸ ಮಾತ್ರ ಹೇಳಲ್ಲ ಅಂತಾರೆ, ಅವರಿಗೆ ಮಾತು ಕೊಟ್ಟಿದ್ದಾರಂತೆ. ಸ್ವಲ್ಪ ದಪ್ಪ ಆಗಿದ್ದಾರಂತೆ. ಸಿಡುಕಂತೆ. ಮಲಬದ್ಧತೆ ಬೇರೆ ಇದೆಯಂತೆ.”

“ಅದನ್ನೆಲ್ಲ ಯಾಕೆ ಹೇಳ್ಬೇಕಿತ್ತು ಆಯಮ್ಮ?” ಎಂದರು ಮಾಸ್ತರರು, ಸ್ವಲ್ಪ ಜೋರಾಗಿಯೇ.

“ನಿಮಗ್ಯಾಕೆ ಅಷ್ಟು ಸಿಟ್ಟು? ಮದುವೆ ಆಗಿದೆಯಂತೆ. ಮನೆಯವರು ಟೀಚರ್ ಆಗಿದ್ರಂತೆ, ಈಗ ರಿಟೈರ್ಡು. ಬಂಗಾರದಂಥ ಜನ, ಪಾಪ, ಬಹಳ ಸಹಿಸಿಕೊಂಡಿದ್ದಾರೆ ಅಂದ್ರು. ಎಷ್ಟು ಮರ್ಯಾದೆಯಿಂದ ‘ಅವರು, ಅವರು’ ಅಂತಲೇ ಮಾತಾಡಿದ್ರು, ಗೊತ್ತಾ?”

ಮಾಸ್ತರರು ಮನಸ್ಸಿನಲ್ಲೇ ಅಜ್ಜಿಗೆ ಮೈದಾನ ಇಪ್ಪತ್ತು ಸುತ್ತು ಹಾಕಿಸಿದರು.

ಟೀಚರ್ ಊರಿನ ನಿವೃತ್ತ ಮೇಷ್ಟ್ರುಗಳ ಪಟ್ಟಿ ಮಾಡಿದರು. ಮುತ್ತು ಅವರಲ್ಲೊಬ್ಬರ ಹೆಂಡತಿಯಾಗಿರಲೇಬೇಕು. ಒಬ್ಬೊಬ್ಬರ ಮನೆಗೂ ಹೋಗಿ, ಅಂಚು ಬಿಚ್ಚಿದ ಕರವಸ್ತ್ರವೊಂದನ್ನು ಆ ಮನೆಯ ಯಜಮಾನಿಯ ಕೈಗಿಟ್ಟು, “ಕನ್ನಡಕ ಮರೆತು ಬಂದೆ, ಇದಕ್ಕೊಂದು ಹೆಮ್ಮಿಂಗ್ ಹಾಕಿಕೊಡ್ತೀರಾ?” ಎಂದು ಕೇಳುವುದು ಅವರ ಉಪಾಯ. ಕೈ ನೋಡಿದರೆ ಗೊತ್ತಾಗಿಬಿಡುತ್ತದೆ ಎಂದು ಅವರ ನಂಬಿಕೆ. ಮಾಸ್ತರರು ಕೈಚೀಲ ಹೊತ್ತು ಜೊತೆಗೆ ಹೋದರು.

ಭೂಗೋಳದ ಮೇಷ್ಟ್ರ ಹೆಂಡತಿ ಅತಿ ಶ್ರದ್ಧೆಯಿಂದ ಹೊಲಿದು ಎದ್ದು ನಿಂತಾಗ ಕರವಸ್ತ್ರವೂ ಅವರೊಂದಿಗೆ ಎದ್ದು ಬಂತು. ಉಟ್ಟ ಬಟ್ಟೆಗೇ ಸೇರಿಸಿ ಹೊಲಿದುಕೊಂಡಿದ್ದರು. ಸಂಗೀತದ ಮೇಷ್ಟ್ರ ಹೆಂಡತಿಗೆ ಸೂಜಿ ಕಂಡೊಡನೆ ಕಣ್ಣು ಕತ್ತಲೆಗಟ್ಟಿ, ಅವರಿಗೆ ಗಾಳಿ ಬೀಸುವುದರಲ್ಲೇ ಅರ್ಧ ಗಂಟೆ ಹೋಯಿತು. ಲೆಕ್ಕದ ಮೇಷ್ಟ್ರ ಹೆಂಡತಿ ಉದ್ದುದ್ದ ಟಾಕು ಹಾಕಿ ಕೊಟ್ಟು, ಸಂಗತಿ ಏನೆಂದು ಕೆದಕಿ ಕೆದಕಿ ಕೇಳಿದರು. “ಗೌರವ ಅಂದ್ರೆ ವೇದಿಕೆ ಮೇಲಾ? ಫೋಟೋ ತೆಗೀತಾರಾ?” ಎಂದು ಎರಡೆರಡು ಸಲ ವಿಚಾರಿಸಿದರು. ಆಕೆಯೂ ಅದೇ ಶಾಲೆಯಲ್ಲಿ ಓದಿದವರು.

ವಾರದ ಕೊನೆಗೆ ಪಟ್ಟಿ ಖಾಲಿಯಾಯಿತು. ಟೀಚರ್ ಕೊನೆಯ ಹೆಸರನ್ನೂ ಹೊಡೆದುಹಾಕಿ, ಪೆನ್ನು ಕಚ್ಚಿಕೊಂಡರು. “ರಿಟೈರಾದ ಟೀಚರ್ ಇನ್ಯಾರೂ ಉಳಿದಿಲ್ಲ” ಎಂದರು. ಗಂಡನ ಕಡೆ ಒಮ್ಮೆ ನೋಡಿದರು. ಮಾಸ್ತರರು ಗಂಡಾಂತರ ಕಳೆಯಿತೆಂದು ಉಸಿರು ಬಿಟ್ಟರು.

ಮರುದಿನ ಟೀಚರ್ ಆ ಮೇಜುಬಟ್ಟೆಯನ್ನೇ ಮನೆಗೆ ತಂದರು. ಪ್ರದರ್ಶನಕ್ಕೆ ಇಡಬೇಕಿತ್ತು, ಆದರೆ ಬೀರುವಿನ ಮೊಳೆಗೆ ಸಿಕ್ಕಿ ಒಂದು ಮೂಲೆ ಹರಿದು, ಎರಡು ಹೂವು ಹಾಳಾಗಿದ್ದವು. “ಆಪರೇಷನ್ ಆದ ಮೇಲೆ ನನ್ನ ಕಣ್ಣು ಇಷ್ಟು ಸಣ್ಣ ಕೆಲಸಕ್ಕೆ ಆಗಲ್ಲ. ಇನ್ನೇನು ಮಾಡೋದು, ಹೀಗೇ ಇಡ್ತೀನಿ” ಎಂದು ನಿಟ್ಟುಸಿರಿಟ್ಟು, ಬಟ್ಟೆ, ಸೂಜಿ, ನೀಲಿ ದಾರ ಎಲ್ಲವನ್ನೂ ಮೇಜಿನ ಮೇಲೇ ಬಿಟ್ಟು, ಮಧ್ಯಾಹ್ನದ ನಿದ್ದೆಗೆ ಹೋದರು.

ಮಾಸ್ತರರು ಸ್ವಲ್ಪ ಹೊತ್ತು ಪತ್ರಿಕೆ ಓದಿದರು. ಓದಿದ್ದನ್ನೇ ಮತ್ತೆ ಓದಿದರು. ಎದ್ದು ಹೋಗಿ ಬಟ್ಟೆಯನ್ನು ಒಂದು ಬೆರಳಿನಿಂದ ಮುಟ್ಟಿದರು. ಐವತ್ತೆಂಟು ವರ್ಷದ ಮೇಲೆ ಅದನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದರು. ಹರಿದ ಮೂಲೆಯನ್ನು ಅಂಗೈಯಿಂದ ಸವರಿ ಸಮ ಮಾಡಿದರು. ಹೆಂಡತಿಯ ಗೊರಕೆ ಲಯವಾಗಿ ಕೇಳಿಸುತ್ತಿತ್ತು. ಒಂದೇ ಒಂದು ಎಸಳು, ಅಷ್ಟೇ, ಎಂದುಕೊಂಡು ಕೂತರು. ಸೂಜಿ ಬೆರಳಿಗೆ ಸಿಕ್ಕಿದ ಕೂಡಲೇ ಬೆರಳಿಗೆ ಎಲ್ಲವೂ ನೆನಪಾಯಿತು. ಮೀಸೆಯ ತುದಿ ದಾರಕ್ಕೆ ಅಡ್ಡ ಬಂದಾಗ ಅದನ್ನು ಕಿವಿಯ ಕಡೆ ತಿರುಚಿಕೊಂಡರು. ಒಂದು ಹೂವು ಮುಗಿಯಿತು. ಎರಡನೆಯದು ಅರ್ಧವಾಯಿತು. ಗೊರಕೆ ನಿಂತು ಎಷ್ಟು ಹೊತ್ತಾಯಿತೆಂಬುದು ಅವರ ಗಮನಕ್ಕೆ ಬರಲಿಲ್ಲ.

“ದಾರ ಇನ್ನೂ ಬೇಕಾ, ಮುತ್ತು?”

ಟೀಚರ್ ಬಾಗಿಲಿಗೆ ಒರಗಿ ನಿಂತಿದ್ದರು.

ಮಾಸ್ತರರು ಸೂಜಿಯನ್ನು ಬಾಯಲ್ಲಿಟ್ಟುಕೊಂಡು ಅಡಗಿಸಲು ನೋಡಿದರು. ಅದು ಜಾಣತನದ ಕೆಲಸವಾಗಿರಲಿಲ್ಲ.

“ಉಗಿಯಿರಿ ಮೊದಲು. ‘ಮನೆಯವರು’ ಅಂದ್ರೆ ಗಂಡನೇ ಆಗಬೇಕಾಗಿಲ್ಲ, ಹೆಂಡತಿಯೂ ಆಗಬಹುದು ಅಂತ ಹೊಳೆಯೋಕೆ ನನಗೆ ಒಂದು ವಾರ ಹಿಡೀತು. ರಿಟೈರ್ಡ್ ಟೀಚರ್ ಅಂದ್ರೆ ನಾನೂ ಒಬ್ಳು ತಾನೇ? ಸೂಜಿಗೆ ದಾರ ಪೋಣಿಸಿಟ್ಟು ಹೋಗಿದ್ದು ಯಾಕೆ ಅಂದ್ಕೊಂಡ್ರಿ?”

ಮಾಸ್ತರರು ಎಲ್ಲ ಒಪ್ಪಿಕೊಂಡರು. ತಾಯಿ, ರೈಲು ಹಳಿ, ಅಚ್ಚಾದ ‘ಕುಮಾರಿ’, ಫ್ರಾಕು, ರಿಬ್ಬನ್ನು, ಒಂದನ್ನೂ ಬಿಡಲಿಲ್ಲ. ಹೆಂಡತಿ ನಗಬಹುದು ಎಂದುಕೊಂಡಿದ್ದರು. ಟೀಚರ್ ನಗಲಿಲ್ಲ.

“ಹುಡುಗೀರ ಸ್ಕೂಲಲ್ಲಿ ಓದಿದ್ದಕ್ಕೆ ನನಗೇನೂ ಇಲ್ಲ. ಒಳ್ಳೇ ಸ್ಕೂಲು. ಆದ್ರೆ ನಲವತ್ತೊಂದು ವರ್ಷ ನಿಮ್ಮ ಗುಂಡಿ ಯಾರು ಹೊಲಿದದ್ದು?”

“ನೀನು.”

“ಸೂಜಿ ಎಲ್ಲಿಂದ ಹಿಡೀಬೇಕು ಅಂತಲೇ ಗೊತ್ತಿಲ್ಲ ಅಂದದ್ದು ಯಾರು?”

“ನಾನು.”

“ಜ್ವರ ಬಂದು ಮಲಗಿದ್ದಾಗಲೂ ಎದ್ದು ಹೊಲಿದಿದ್ದೀನಿ.”

ಮನೆಯಲ್ಲಿ ಎರಡು ದಿನ ಮಾತು ನಿಂತಿತು. ಮೂರನೇ ದಿನ ಬೆಳಗ್ಗೆ ಟೀಚರ್ ಗಂಡನ ಅಂಗಿಗಳನ್ನೆಲ್ಲ ಕಪಾಟಿನಿಂದ ಎಳೆದು, ಎಲ್ಲದರ ಗುಂಡಿಗಳನ್ನೂ ಕತ್ತರಿಸಿ, ಬಟ್ಟಲಲ್ಲಿ ತುಂಬಿ, ಮುಂದೆ ತಂದಿಟ್ಟರು. ಮಾಸ್ತರರು ಬನಿಯನ್ನಿನಲ್ಲೇ ಕೂತು ಸಂಜೆಯವರೆಗೆ ಎಂಬತ್ತಾರು ಗುಂಡಿ ಹೊಲಿದರು. ಟೀಚರ್ ಭೂತಗನ್ನಡಿ ಹಿಡಿದು ಒಂದೊಂದನ್ನೂ ಪರೀಕ್ಷಿಸಿದರು. ತಾವು ಹೊಲಿಯುತ್ತಿದ್ದುದಕ್ಕಿಂತ ಚೆನ್ನಾಗಿದ್ದವು. ಆದ್ದರಿಂದ ಮತ್ತೊಂದು ದಿನ ಮಾತು ಬಿಟ್ಟರು.

ಕೊನೆಗೆ ರಾಜಿಯಾಯಿತು. “ಪುಸ್ತಕದಲ್ಲಿ ಬರೀಬೇಡ ಕಣೇ” ಎಂದು ಮಾಸ್ತರರು ಅಂಗಲಾಚಿದರು. “ಆ ಇನ್‌ಸ್ಪೆಕ್ಟರ್, ಆ ಮ್ಯಾನೇಜರ್, ಒಬ್ಬೊಬ್ಬರೂ ನಗ್ತಾರೆ. ನಾನು ಬೀದೀಲಿ ತಲೆ ಎತ್ತೋ ಹಾಗಿಲ್ಲ.”

“ಚರಿತ್ರೆ ಕೈಲಿ ಸುಳ್ಳು ಹೇಳಿಸ್ತಿದ್ದೀರಿ” ಎಂದರು ಟೀಚರ್. ಆದರೂ ಅವರ ಮುಖ ನೋಡಿ ಮನಸ್ಸು ಕರಗಿತು. “ಆಯ್ತು. ‘ಎಷ್ಟು ಹುಡುಕಿದರೂ ಸಿಗಲಿಲ್ಲ’ ಅಂತ ಬರೀತೀನಿ. ನಾನಾಗಿ ಬಾಯಿ ಬಿಡಲ್ಲ. ನೀವಾಗಿ ಹೇಳಿದ್ರೆ ಮಾತ್ರ.”

ಸಮಾರಂಭದ ದಿನ ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಹಳೆಯ ವಿದ್ಯಾರ್ಥಿನಿಯರು, ಅವರ ಗಂಡಂದಿರು, ಮೊಮ್ಮಕ್ಕಳು. ಬ್ಯಾಂಕ್ ಮ್ಯಾನೇಜರು, ಇನ್‌ಸ್ಪೆಕ್ಟರು ಮಕ್ಕಳ ತಂದೆಯರಾಗಿ ಮುಂದಿನ ಸಾಲಿನಲ್ಲಿದ್ದರು. ವೇದಿಕೆಯ ಮೇಲೆ ತಗ್ಗು ಬಿದ್ದ ಗ್ಲೋಬಿನ ಪಕ್ಕದಲ್ಲಿ ಮೇಜುಬಟ್ಟೆಯನ್ನು ಹರಡಿದ್ದರು. ಔಷಧ ಅಂಗಡಿಯ ಅಜ್ಜಿ ಅಂದು ಅಂಗಡಿಗೆ ಬೀಗ ಹಾಕಿ ಬಂದು ಮಾಸ್ತರರ ಪಕ್ಕದಲ್ಲೇ ಕೂತರು.

ದೊಡ್ಡ ಸಿಸ್ಟರ್ ಮೈಕಿನ ಮುಂದೆ, “ಈ ಬಟ್ಟೆ ಹೊಲಿದ ಮುತ್ತು ಎಂಬ ಮಗು ನಮಗೆ ಸಿಗಲಿಲ್ಲ” ಎನ್ನುತ್ತಿದ್ದಂತೆ ಮೂರನೇ ಸಾಲಿನಿಂದ ಲೆಕ್ಕದ ಮೇಷ್ಟ್ರ ಹೆಂಡತಿ ಎದ್ದು ನಿಂತರು.

“ಅದು ನಾನೇ ಸಿಸ್ಟರ್. ಸಂಕೋಚಕ್ಕೆ ಇಷ್ಟು ದಿನ ಹೇಳ್ಲಿಲ್ಲ. ನನ್ನ ಮನೇಲಿ ಮುತ್ತು ಅಂತಲೇ ಕರೀತಿದ್ರು.”

ಚಪ್ಪಾಳೆ ಬಿತ್ತು. ಆಕೆ ವೇದಿಕೆ ಹತ್ತಿ, ಫೋಟೋದವನ ಕಡೆ ಒಳ್ಳೆಯ ಮಗ್ಗುಲು ತಿರುಗಿಸಿ ನಿಂತರು. ಟೀಚರ್ ವೇದಿಕೆಯ ಮೇಲಿಂದ ಗಂಡನನ್ನೇ ನೋಡುತ್ತಿದ್ದರು, ತುಟಿ ಬಿಗಿದುಕೊಂಡು. ಮಾಸ್ತರರು ತಮ್ಮ ಮೊಣಕಾಲು ನೋಡಿಕೊಂಡರು. ಹೋಗಲಿ, ಪೀಡೆ ಕಳೆಯಿತು, ಎಂದುಕೊಂಡರು. ಲೆಕ್ಕದ ಮೇಷ್ಟ್ರ ಹೆಂಡತಿ ಅಷ್ಟಕ್ಕೇ ನಿಲ್ಲಿಸಿದ್ದರೆ ನಿಜಕ್ಕೂ ಕಳೆಯುತ್ತಿತ್ತೇನೋ. ಆದರೆ ಮೈಕು ಕೈಗೆ ಸಿಕ್ಕಿತ್ತು.

“ಇದರಲ್ಲೇನು ದೊಡ್ಡ ವಿಷಯ. ನನಗೆ ಇದು ಒಂದು ಮಧ್ಯಾಹ್ನದ ಕೆಲಸ.”

“ಎಂಟು ತಿಂಗಳು” ಎಂದಿತು ಒಂದು ಧ್ವನಿ.

ಅದು ಮಾಸ್ತರರದ್ದೇ. ಯಾವಾಗ ಎದ್ದು ನಿಂತರೆಂದು ಅವರಿಗೇ ಗೊತ್ತಿರಲಿಲ್ಲ. ಧ್ವನಿ ಮಾತ್ರ ಮೈದಾನದ್ದಾಗಿತ್ತು. ಅದನ್ನು ಕೇಳಿದೊಡನೆ ಸಭೆಯಲ್ಲಿದ್ದ ಗಂಡಸರಲ್ಲಿ ಅರ್ಧಕ್ಕರ್ಧ ಜನ ಎದ್ದು, ಎದೆಯುಬ್ಬಿಸಿ, ಕೈ ಇಳಿಬಿಟ್ಟು ಸಾವಧಾನ್ ನಿಂತರು.

“ಎಂಟು ತಿಂಗಳು ಹಿಡೀತು. ಎರಡು ಸಲ ಬಿಚ್ಚಿ ಹೊಲಿದದ್ದು. ಎಡಗಡೆ ಮೂಲೆಯಿಂದ ಮೂರನೇ ಹೂವು ನೋಡಿ. ಎಲ್ಲದಕ್ಕೂ ಆರು ಎಸಳು, ಅದಕ್ಕೆ ಐದು. ಅಷ್ಟೊತ್ತಿಗೆ ನಮ್ಮಮ್ಮ ಊಟದ ಗಂಟೆ ಹೊಡೆದುಬಿಟ್ಲು. ಆಮೇಲೆ ಮರೆತೆ.”

ಟೀಚರ್ ಭೂತಗನ್ನಡಿ ತೆಗೆದು ಬಟ್ಟೆಯ ಮೇಲೆ ಬಗ್ಗಿದರು. ಎಣಿಸಿದರು. ಇನ್ನೊಮ್ಮೆ ಎಣಿಸಿದರು. “ಐದೇ ಇದೆ” ಎಂದರು ಮೈಕಿನಲ್ಲಿ. “ಮೂವತ್ತು ವರ್ಷ ಇದನ್ನ ಹಿಡಿದು ಪಾಠ ಮಾಡಿದ್ದೀನಿ, ಒಂದು ದಿನ ನನ್ನ ಕಣ್ಣಿಗೆ ಬೀಳ್ಲಿಲ್ಲವಲ್ಲ.” ಅವರ ಧ್ವನಿಯಲ್ಲಿ ಹೆಮ್ಮೆಗಿಂತ ಮುನಿಸೇ ಹೆಚ್ಚಿತ್ತು.

ಔಷಧ ಅಂಗಡಿಯ ಅಜ್ಜಿ ಕೂತಲ್ಲಿಂದಲೇ, “ಹೌದು, ಇವನೇ ಮುತ್ತು. ನನ್ನ ಪಕ್ಕದ ಬೆಂಚು. ಈಗ ಹೇಳ್ಬಹುದು ತಾನೇ?” ಎಂದರು.

ಸಾವಧಾನ್ ನಿಂತಿದ್ದ ಇನ್‌ಸ್ಪೆಕ್ಟರು ಕತ್ತು ತಿರುಗಿಸದೆ ಕೇಳಿದರು. “ಸಾರ್, ನನ್ನ ಸೇರಿಸ್ತೀನಿ ಅಂತಿದ್ರಲ್ಲ, ಅದು ಇದೇ ಸ್ಕೂಲಾ?”

“ಇದೇ” ಎಂದರು ಮಾಸ್ತರರು. “ಸೇರಿಸಿದ್ರೆ ಉದ್ಧಾರ ಆಗ್ತಿದ್ದೆ. ಆದ್ರೆ ಇಲ್ಲಿ ಸೀಟು ಸುಲಭಕ್ಕೆ ಸಿಗಲ್ಲ. ಕೂತ್ಕೊಳ್ಳಿ ಎಲ್ಲರೂ.”

ಎಲ್ಲರೂ ಕೂತರು. ಮೊದಲು ನಕ್ಕವರು ದೊಡ್ಡ ಸಿಸ್ಟರ್. ಆಮೇಲೆ ಸಭಾಂಗಣದ ಛಾವಣಿ ಹಾರುವಂತೆ ಎಲ್ಲರೂ ನಕ್ಕರು. ಆ ನಗು ಮಾಸ್ತರರು ಐವತ್ತೆಂಟು ವರ್ಷ ಹೆದರಿಕೊಂಡು ಬಂದ ನಗುವಿನಂತೆ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರ ಮೀಸೆಯೂ ಅಲುಗಾಡತೊಡಗಿತು.

ಲೆಕ್ಕದ ಮೇಷ್ಟ್ರ ಹೆಂಡತಿ ವೇದಿಕೆಯಿಂದ ಇಳಿಯಲಿಲ್ಲ. “ಹಾಗಾದ್ರೆ ನಾನು ಹೊಲಿದದ್ದು ಬೇರೆ ಬಟ್ಟೆ ಇರಬೇಕು” ಎಂದು ನೆಮ್ಮದಿಯಾಗಿ ಹೇಳಿ, ಫೋಟೋಗೆ, ವೇದಿಕೆ ಹತ್ತಿ ಬಂದ ಮಾಸ್ತರರ ಪಕ್ಕದಲ್ಲೇ ನಿಂತುಕೊಂಡರು. ಮುತ್ತುವಿಗೆಂದು ಮಾಡಿಸಿದ್ದ ಬಹುಮಾನದ ಫಲಕದ ಮೇಲೆ ‘ಶ್ರೇಷ್ಠ ಹಳೆಯ ವಿದ್ಯಾರ್ಥಿನಿ’ ಎಂದು ಹುಡುಕಾಟ ಶುರುವಾದಾಗಲೇ ಕೆತ್ತಿಸಿಯಾಗಿತ್ತು. ದೊಡ್ಡ ಸಿಸ್ಟರ್ ಒಂದು ಕ್ಷಣ ಅನುಮಾನಿಸಿದರು. ಮಾಸ್ತರರು ತಾವೇ ಕೈ ಚಾಚಿ ಅದನ್ನು ತೆಗೆದುಕೊಂಡರು.

ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಮೂರನೇ ಅಧ್ಯಾಯವನ್ನು ಟೀಚರ್ ಹೊಸದಾಗಿ ಬರೆದರು. ದೊಡ್ಡ ಸಿಸ್ಟರ್ ಅದನ್ನು ಓದಿ, ಈಗಿನ ಹೊಲಿಗೆ ಟೀಚರ್ ಹೆರಿಗೆ ರಜೆಯಲ್ಲಿದ್ದಾರೆ, ಮಾಸ್ತರರು ಶನಿವಾರ ಶನಿವಾರ ಬಂದು ಹೇಳಿಕೊಡಬಹುದೇ ಎಂದು ಕೇಳಿದರು. ಮಾಸ್ತರರು ಹೆಂಡತಿಯ ಮುಖ ನೋಡಿದರು. “ಹೋಗಿ. ಆದ್ರೆ ಪಾಠದ ಟಿಪ್ಪಣಿ ನಾನು ಬರೆದುಕೊಡ್ತೀನಿ” ಎಂದರು ಟೀಚರ್.

ಮೊದಲ ಶನಿವಾರ ಮೂವತ್ತೆರಡು ಹುಡುಗಿಯರು ಕಸೂತಿಯ ರಿಂಗಿಗೆ ಬಟ್ಟೆ ಬಿಗಿದು ಕಾದಿದ್ದರು. ಮಾಸ್ತರರು ಬೋರ್ಡಿನ ಮುಂದೆ ನಿಂತು ಸೀಟಿ ಊದಿದರು. “ಸೂಜಿ ಮೇಲೆ. ಒಂದು. ದಾರ ಎಳೀರಿ. ಎರಡು. ಸೂಜಿ ಕೆಳಗೆ. ಮೂರು.” ಮೂವತ್ತೆರಡು ಕೈಗಳು ಒಟ್ಟಿಗೆ ಮೇಲೇರಿ ಒಟ್ಟಿಗೆ ಇಳಿದವು. ಒಂದು ತಿಂಗಳ ಸರಪಳಿ ಹೊಲಿಗೆ ಒಂದೇ ಬೆಳಗಿನಲ್ಲಿ ಮುಗಿಯಿತು, ಟಾಕುಗಳೆಲ್ಲ ಸಾಲಾಗಿ ಕವಾಯತಿಗೆ ನಿಂತಂತಿದ್ದವು. ಪಕ್ಕದ ಕೋಣೆಯಲ್ಲಿ ಪರೀಕ್ಷೆ ಬರೆಯುತ್ತಿದ್ದವರು ಮಾತ್ರ ಸೀಟಿ ಕೇಳಿದಾಗೆಲ್ಲ ಸಮಯ ಮುಗಿಯಿತೆಂದು ಪೆನ್ನು ಕೆಳಗಿಡುತ್ತಿದ್ದರಂತೆ. ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತು, ಸೀಟಿಯೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಹೀಗೇ ಇರಲಿ ಎಂದು ಕೇಳಿಕೊಂಡರು. ಮಾಸ್ತರರು ಒಪ್ಪಿ, ಸೀಟಿಯನ್ನು ಜೇಬಿಗಿಳಿಸಿ, ನೆಲಕ್ಕೆ ಕಾಲು ತಟ್ಟಿ ಮುಂದಿನ ಹೂವು ಶುರುಮಾಡಿಸಿದರು.